ಸರ್ಜ್ ಪ್ರೊಟೆಕ್ಟರ್ ಆಮೇಲೆ ತಗೊಳ್ಳಿ, ಮೊದಲು ಅರ್ತ್ ಗುಂಡಿ ನೋಡಿ



ಅಶ್ವಿನಿ, ಭರಣಿ ಮಳೆ ಬರೋ ಕಾಲ. ಈ ಮಳೆ ಹೊಲಕ್ಕೆ ಹದ ತರುತ್ತೆ, ಜೊತೆಗೆ ಗುಡುಗು ಸಿಡಿಲನ್ನೂ ತರುತ್ತೆ. ಒಂದು ಜೋರು ಮಳೆ ಬಂದ ಮಾರನೇ ದಿನ ಯಾವುದಾದ್ರೂ ಟಿವಿ ರಿಪೇರಿ ಅಂಗಡಿ ಮುಂದೆ ಹೋಗಿ ನಿಂತು ನೋಡಿ. ಟಿವಿ, ಸೆಟ್‌ಟಾಪ್ ಬಾಕ್ಸು, ವೈಫೈ ಡಬ್ಬಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಎಲ್ಲಾ ಸಾಲಾಗಿ ಬಂದಿರ್ತವೆ. ಅಂಗಡಿಯವನು ಒಂದೇ ಮಾತು ಹೇಳ್ತಾನೆ: "ಬೋರ್ಡ್ ಹೋಗಿದೆ ಅಣ್ಣ, ಒಂದು ಸ್ಪೈಕ್ ಗಾರ್ಡ್ ಹಾಕ್ಕೊಂಬಿಡಿ." ನಮ್ಮವರು ಆ ಡಬ್ಬಿ ತಗೊಂಡು ಬಂದು ಗೋಡೆಗೆ ಸಿಕ್ಕಿಸಿ, ಇನ್ನು ಸಿಡಿಲು ಬಂದ್ರೂ ಚಿಂತೆ ಇಲ್ಲ ಅಂತ ಮಲಗ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಮ್ಮ ಊರು, ಹುಳಿಮಾವು, ಎಳೇನಹಳ್ಳಿ, ತೋಗೂರು, ಕೊಪ್ಪ, ಈ ಕಡೆ ಹಳೇ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಅರ್ತಿಂಗ್ ಸರಿ ಇಲ್ಲದಿರೋ ಕಡೆಯೇ ಜಾಸ್ತಿ ಕಾಣುತ್ತೆ. ಅರ್ತ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಅಂದ್ರೆ ದುಬಾರಿ ಎಕ್ಸ್‌ಟೆನ್ಶನ್ ಬಾಕ್ಸ್, ಅಷ್ಟೇ. ದುಡ್ಡು ಹಾಕೋದಾದ್ರೆ ಮೊದಲು ಗುಂಡಿಗೆ ಹಾಕಿ, ಆಮೇಲೆ ಡಬ್ಬಿಗೆ ಹಾಕಿ. ಯಾಕೆ ಅಂತ ಕೆಳಗೆ ಬರೆದಿದ್ದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ಹೆಸರಿನ ಗೊಂದಲ ಮೊದಲು ಬಿಡಿಸೋಣ

ಬೋರ್ಡಿನಲ್ಲಿ ಒಂದೊಂದು ಸಾಮಾನೂ ಒಂದೊಂದು ಕೆಲಸಕ್ಕೆ ಇರೋದು. ಕುಂಟೆ ಹೊಡೆಯೋ ಕೆಲಸವನ್ನ ನೇಗಿಲಿಗೆ ಹೇಳೋಕಾಗಲ್ಲ.

ಎಂಸಿಬಿ ನೋಡೋದು ಆಂಪಿಯರ್ ಮಾತ್ರ. ಲೋಡ್ ಜಾಸ್ತಿ ಆದ್ರೆ, ಶಾರ್ಟ್ ಆದ್ರೆ ಬೀಳುತ್ತೆ. ವೋಲ್ಟೇಜ್ ಎಷ್ಟಿದ್ರೂ ಅದಕ್ಕೆ ಗೊತ್ತಾಗಲ್ಲ.

ಆರ್‌ಸಿಸಿಬಿ ನೋಡೋದು ಕರೆಂಟು ಎಲ್ಲಾದ್ರೂ ಭೂಮಿಗೆ ಸೋರ್ತಾ ಇದೆಯಾ ಅಂತ. 30 ಮಿಲಿ ಆಂಪಿಯರ್ ಅಂತ ಬರೆದಿರೋದು ಮನುಷ್ಯರ ಪ್ರಾಣ ಉಳಿಸೋಕೆ. ಟಿವಿ ಉಳಿಸೋಕಲ್ಲ.

ಸ್ಟೆಬಿಲೈಸರ್ ನೋಡೋದು ಡಿಮ್ಮು ಮತ್ತು ಹೈ. ನಿಧಾನವಾಗಿ ಏರಿಳಿಯೋ ವೋಲ್ಟೇಜನ್ನ ಸರಿ ಮಾಡುತ್ತೆ. ಒಳಗೆ ಟಕ್ ಅಂತ ಸದ್ದು ಮಾಡೋ ರಿಲೇ ತಿರುಗೋಕೆ ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲು ಹೊತ್ತು ಬೇಕು. ಸರ್ಜ್ ಅಷ್ಟು ಹೊತ್ತು ಕಾಯಲ್ಲ. ಸೆಕೆಂಡನ್ನ 10 ಲಕ್ಷ ಭಾಗ ಮಾಡಿದ್ರೆ ಅದರಲ್ಲಿ ಕೆಲವು ಹತ್ತು ಭಾಗದೊಳಗೆ ಬಂದು ಹೋಗಿರುತ್ತೆ. ರಿಲೇ ಎದ್ದು ನೋಡೋ ಹೊತ್ತಿಗೆ ಬೋರ್ಡ್ ಸುಟ್ಟಾಗಿರುತ್ತೆ.

ಪಂಪ್‌ಸೆಟ್ಟಿನ ಪ್ಯಾನೆಲ್‌ನಲ್ಲಿರೋ ಪ್ರಿವೆಂಟರ್ ಒಂದು ಫೇಸ್ ಹೋದ್ರೆ ಮೋಟ್ರು ನಿಲ್ಲಿಸೋಕೆ. ಅದೂ ಸಿಡಿಲಿಗಲ್ಲ.

ಇನ್ನು ಸರ್ಜ್ ಪ್ರೊಟೆಕ್ಟರ್. ಕೆಲವರು ಸ್ಪೈಕ್ ಗಾರ್ಡ್ ಅಂತಾರೆ, ಕೆಲವರು ಸ್ಪೈಕ್ ಬಸ್ಟರ್ ಅಂತಾರೆ. ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಪಟ್ಟು ಬೇಗ ಬಂದು ಹೋಗೋ ಆ ಹೊಡೆತಕ್ಕೆ ಮಾತ್ರ ಇದು. ಹೊಡೆತ ಬರೋದು ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ, ಹೋಗಿದ್ದ ಕರೆಂಟು ವಾಪಸ್ ಬಂದಾಗ, ಅದೇ ಲೈನಲ್ಲಿ ದೊಡ್ಡ ಮೋಟ್ರುಗಳು ಆನ್ ಆಫ್ ಆದಾಗ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ, ಇನ್ನೊಂದು ಕಡೆ ಅಪಾರ್ಟ್‌ಮೆಂಟ್‌ಗಳ ಲಿಫ್ಟು, ನೀರಿನ ಮೋಟ್ರು. ಇವುಗಳ ಮಧ್ಯೆ ಇರೋ ನಮಗೆ ಸಿಡಿಲಿನ ಕಾಲ ಬಿಟ್ಟು ಬೇರೆ ದಿನವೂ ಸಣ್ಣಪುಟ್ಟ ಹೊಡೆತ ಇದ್ದೇ ಇರುತ್ತೆ.

ಕೆರೆ ಕೋಡಿ ಲೆಕ್ಕ

ಸರ್ಜ್ ಪ್ರೊಟೆಕ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಇಂಜಿನಿಯರ್ ಆಗಬೇಕಾಗಿಲ್ಲ. ಬೇಗೂರು ಕೆರೆ ಕೋಡಿ ನೆನಪು ಮಾಡ್ಕೊಳ್ಳಿ. ನೀರು ಮಟ್ಟದಲ್ಲಿರೋವರೆಗೂ ಕೋಡಿ ಸುಮ್ನೆ ಇರುತ್ತೆ. ಮಟ್ಟ ಮೀರಿದ ನೀರನ್ನ ಮಾತ್ರ ಆಚೆ ಬಿಟ್ಟು ಏರಿ ಒಡೆಯದಂಗೆ ಕಾಯುತ್ತೆ. ಡಬ್ಬಿ ಒಳಗೆ ಎಂಓವಿ ಅಂತ ಒಂದು ಸಣ್ಣ ಬಿಲ್ಲೆ ಇರುತ್ತೆ, ಸತುವಿನ ಆಕ್ಸೈಡಿಂದ ಮಾಡಿದ್ದು. 230 ವೋಲ್ಟ್ ಇರೋವಾಗ ಅದು ಕರೆಂಟನ್ನ ಬಿಡೋದೇ ಇಲ್ಲ. ವೋಲ್ಟೇಜ್ ನೂರಾರು, ಸಾವಿರಾರು ಆಗಿ ಹಾರಿದಾಗ ಕೋಡಿ ಥರ ಬಾಯಿ ಬಿಟ್ಟು ಹೆಚ್ಚಾದದ್ದನ್ನ ಪಕ್ಕಕ್ಕೆ ಹರಿಸುತ್ತೆ. ಟಿವಿ ಕಡೆ ಹೋಗೋದು ಕಡಿಮೆ ಆಗುತ್ತೆ.

ಈಗ ಯೋಚನೆ ಮಾಡಿ. ಕೋಡಿ ಇದ್ದು ರಾಜಕಾಲುವೆ ಇಲ್ಲದಿದ್ರೆ ಏನಾಗುತ್ತೆ? ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ನೀರು ಮನೆಗಳ ಒಳಗೇ ನುಗ್ಗುತ್ತೆ. ಅರ್ತ್ ವೈರು, ಅರ್ತ್ ಗುಂಡಿ ಅನ್ನೋದೇ ಈ ರಾಜಕಾಲುವೆ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಬರೋ ಹೊಡೆತವನ್ನ ಅರ್ತ್ ಇಲ್ಲದೆಯೂ ಡಬ್ಬಿ ಸ್ವಲ್ಪ ತಡೀಬಹುದು. ಆದ್ರೆ ಸಿಡಿಲಿನ ಹೊಡೆತ ಎರಡೂ ತಂತಿ ಮೇಲೆ ಒಟ್ಟಿಗೆ ಏರಿ ಬರುತ್ತೆ. ಆಗ ಅದಕ್ಕೆ ಇಳಿಯೋಕೆ ಇರೋ ದಾರಿ ಭೂಮಿ ಒಂದೇ. ಆ ದಾರಿ ಮುಚ್ಚಿದ್ರೆ ಡಬ್ಬಿಗೆ ಎಷ್ಟು ಕೊಟ್ಟಿದ್ರೂ ದಂಡ.

ನಮ್ಮ ಅರ್ತ್ ಯಾಕೆ ಸತ್ತುಹೋಯ್ತು

"ಮೂವತ್ತು ವರ್ಷದಿಂದ ಹಿಂಗೇ ಐತೆ, ಏನೂ ಆಗಿಲ್ಲ" ಅನ್ನೋರು ಬಹಳ ಜನ. ಅವರ ಮಾತು ಅವತ್ತಿಗೆ ಸರಿ ಇತ್ತು. ಅವತ್ತು ಮನೆಯಲ್ಲಿ ಇದ್ದದ್ದು ಎರಡು ಬಲ್ಬು, ಒಂದು ಟ್ಯೂಬ್‌ಲೈಟು, ಒಂದು ರೇಡಿಯೋ. ಇವತ್ತು ಎಲ್‌ಇಡಿ ಬಲ್ಬಿನ ಒಳಗೂ ಎಲೆಕ್ಟ್ರಾನಿಕ್ ಬೋರ್ಡು, ಕೆಲವು ಹೊಸ ಫ್ಯಾನಿನ ಒಳಗೂ ಬೋರ್ಡು. ವಾಷಿಂಗ್ ಮಷೀನು, ಇಂಡಕ್ಷನ್ ಒಲೆ, ಮೋಟ್ರು ಸ್ಟಾರ್ಟರು ಎಲ್ಲದರಲ್ಲೂ ಅದೇ.

ಇನ್ನೊಂದು ಬದಲಾವಣೆ ನಮ್ಮ ಕಣ್ಣ ಮುಂದೆ ಆಗಿದ್ರೂ ಯಾರೂ ಗಮನಿಸಿಲ್ಲ. ಹಿಂದೆ ನೀರಿನ ಪೈಪು ಜಿಐ ಕಬ್ಬಿಣದ್ದು. ವೈರ್‌ಮನ್ ಅರ್ತ್ ವೈರನ್ನ ನಲ್ಲಿ ಪೈಪಿಗೆ ಸುತ್ತಿಬಿಡ್ತಿದ್ದ. ಪೈಪು ಮಣ್ಣಿನೊಳಗೆ ಹೂತಿರ್ತಿತ್ತು, ಹೇಗೋ ಅರ್ತ್ ಸಿಗ್ತಿತ್ತು. ಆಮೇಲೆ ಎಲ್ಲರೂ ಪಿವಿಸಿ ಪೈಪ್ ಹಾಕಿಸಿದ್ವಿ. ವೈರು ಮಾತ್ರ ಅದೇ ನಲ್ಲಿಗೆ ಸುತ್ಕೊಂಡೇ ಇದೆ. ಪ್ಲಾಸ್ಟಿಕ್ ಪೈಪಲ್ಲಿ ಕರೆಂಟು ಭೂಮಿಗೆ ಇಳಿಯಲ್ಲ. ಮನೆಯ ಯಾವುದಾದ್ರೂ ಸಾಮಾನಲ್ಲಿ ಫೇಸ್ ಬಾಡಿಗೆ ತಗುಲಿದ್ರೆ ಆ ನಲ್ಲಿಯೇ ಶಾಕ್ ಹೊಡೆಯುತ್ತೆ. ಇವತ್ತೇ ಹೋಗಿ ನಿಮ್ಮ ಮನೆ ಅರ್ತ್ ವೈರು ಎಲ್ಲಿಗೆ ಹೋಗಿ ಮುಗಿದಿದೆ ಅಂತ ನೋಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯುಪಿಎಸ್ಸೋ ಸ್ಪೈಕ್ ಗಾರ್ಡೋ "ಅರ್ತ್ ಇಲ್ಲ" ಅಂತ ಲೈಟ್ ತೋರಿಸಿದ್ರೆ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಹಾಕಿ ಲೈಟ್ ಆರಿಸಿ ಹೋಗಿಬಿಡ್ತಾರೆ. ದಯವಿಟ್ಟು ಇದನ್ನ ಯಾರಿಗೂ ಮಾಡೋಕೆ ಬಿಡಬೇಡಿ. ಆ ನ್ಯೂಟ್ರಲ್ ಎಲ್ಲಾದ್ರೂ ಕಳಚಿಕೊಂಡ್ರೆ ಫ್ರಿಜ್ಜಿನ ಬಾಗಿಲು, ವಾಷಿಂಗ್ ಮಷೀನಿನ ತಗಡು ಎಲ್ಲಾ ನೇರವಾಗಿ 230 ವೋಲ್ಟಿಗೆ ಬರ್ತವೆ. ಒದ್ದೆ ಕೈಯಲ್ಲಿ ಮುಟ್ಟಿದವರ ಕಥೆ ಮುಗೀತು.

ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ನು ಉದ್ದ ಇರೋದು ಯಾಕೆ ಗೊತ್ತಾ? ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಅರ್ತ್ ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತ. ಅದನ್ನ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕೋದು ಹಗ್ಗ ಬಿಚ್ಚಿ ಹೋರಿ ಹಿಡಿದಂಗೆ.

ಕೊಟ್ಟಿಗೆ ವಿಷಯ ಬೇರೆಯಾಗಿಯೇ ಹೇಳಬೇಕು. ಹಾಲು ಕರೆಯೋ ಮಷೀನು, ಮೇವು ಕತ್ತರಿಸೋ ಮಷೀನು, ನೀರಿನ ಮೋಟ್ರು ಎಲ್ಲಾ ಒದ್ದೆ ನೆಲದ ಮೇಲೇ. ನೆಲಕ್ಕೆ ಕರೆಂಟು ಇಳಿದಾಗ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ವೋಲ್ಟೇಜ್ ವ್ಯತ್ಯಾಸ ಆಗುತ್ತೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಹೃದಯ ಇರೋದು. ನಮಗೆ ಜುಮ್ ಅನ್ನಿಸೋ ಕರೆಂಟು ಹಸುವನ್ನ ಕೆಡವಿಬಿಡುತ್ತೆ. ಟಿವಿ ಹೋದ್ರೆ ಇನ್ನೊಂದು ತರಬಹುದು.

ಗುಂಡಿ ಹೇಗಿರಬೇಕು, ಹೇಗೆ ನೋಡೋದು

ನಮ್ಮ ದೇಶದಲ್ಲಿ ಅರ್ತಿಂಗಿಗೆ ಐಎಸ್ 3043 ಅಂತ ಸ್ಟ್ಯಾಂಡರ್ಡ್ ಇದೆ. ಸಾಮಾನ್ಯವಾಗಿ ಮಾಡೋದು 40 ಎಂಎಂ ದಪ್ಪದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನ ನೆಟ್ಟಗೆ ಹೂತು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿ, ಮೇಲೆ ನೀರು ಹುಯ್ಯೋಕೆ ಒಂದು ಬಾಯಿ ಬಿಡೋದು. ಈಗ ಕೆಮಿಕಲ್ ಅರ್ತಿಂಗ್ ಅಂತ ರೆಡಿ ರಾಡುಗಳೂ ಬಂದಿವೆ. ಯಾವುದು ಮಾಡಿಸಿದ್ರೂ ಮಣ್ಣಲ್ಲಿ ತೇವ ಇರಬೇಕು. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು, ಗರಸು ನೆಲ ಒಣಗಿ ಬಿರುಕು ಬಿಟ್ಟಿರುತ್ತೆ. ಮೊದಲ ಗುಡುಗು ಮಳೆ ಬರೋದೂ ಅದೇ ಹೊತ್ತಿಗೆ. ಅಂದ್ರೆ ಅರ್ತ್ ಅತಿ ಹೆಚ್ಚು ಬೇಕಾದ ದಿನವೇ ಅದು ಅತಿ ಕಡಿಮೆ ಕೆಲಸ ಮಾಡುತ್ತೆ. ಯುಗಾದಿ ಕಳೆದ ಮೇಲೆ ವಾರಕ್ಕೊಂದೆರಡು ಸಲ ಎರಡು ಬಿಂದಿಗೆ ನೀರು ಗುಂಡಿಗೆ ಹುಯ್ಯಿರಿ. ತುಳಸಿ ಗಿಡಕ್ಕೆ ಹುಯ್ಯೋ ಕೈಯಲ್ಲೇ ಆಗೋ ಕೆಲಸ.

ಪರೀಕ್ಷೆಗೆ ಟೆಸ್ಟರ್ ಸಾಲದು. ಮೀಟರ್ ಇಟ್ಟು ಫೇಸ್‌ಗೂ ಅರ್ತ್‌ಗೂ 230 ತೋರಿಸಿದ್ರೆ ಅರ್ತ್ ಚೆನ್ನಾಗಿದೆ ಅಂತಲ್ಲ. ಮೀಟರ್ ಎಳೆಯೋ ಕರೆಂಟು ಏನೇನೂ ಅಲ್ಲ, ಕೆಟ್ಟ ಅರ್ತ್ ಕೂಡ ಅದಕ್ಕೆ ಒಳ್ಳೇದಾಗಿ ಕಾಣುತ್ತೆ. ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬನ್ನ ಫೇಸ್‌ಗೂ ಅರ್ತ್‌ಗೂ ಕೊಟ್ಟು ನೋಡೋದು ವೈರ್‌ಮನ್‌ಗಳ ಪದ್ಧತಿ. ಎಲ್‌ಇಡಿ ಬಲ್ಬಿಂದ ಆಗಲ್ಲ, ಅದು ಚೂರು ಕರೆಂಟಿಗೂ ಉರಿಯುತ್ತೆ. ತಂತಿ ಬಲ್ಬು ಉರಿಯದಿದ್ರೆ ಅರ್ತ್ ಸತ್ತಿದೆ, ಅದರಲ್ಲಿ ಅನುಮಾನ ಇಲ್ಲ. ಉರಿದ್ರೆ ಬದುಕಿದೆ ಅಂತ ಮಾತ್ರ, ಪೂರ್ತಿ ಆರೋಗ್ಯವಾಗಿದೆ ಅಂತಲ್ಲ. ಈ ಪರೀಕ್ಷೆಯನ್ನ ನೀವೇ ಮಾಡೋಕೆ ಹೋಗಬೇಡಿ. ಅರ್ತ್ ಕೆಟ್ಟಿದ್ರೆ ಆ ಹೊತ್ತಿಗೆ ಮನೆಯ ಎಲ್ಲಾ ಸಾಮಾನಿನ ಬಾಡಿಗೂ ಕರೆಂಟು ಬರುತ್ತೆ. ಲೈಸೆನ್ಸ್ ಇರೋ ವೈರ್‌ಮನ್‌ನ ಕರೆಸಿ, ಎಲ್ಲಾ ಪ್ಲಗ್ ಕಿತ್ತು, ಮಕ್ಕಳನ್ನ ದೂರ ಇಟ್ಟು ಮಾಡಿಸಿ. ಸರಿಯಾಗಿ ಅಳೆಯೋಕೆ ಅರ್ತ್ ಮೆಗ್ಗರ್ ಅಂತ ಬೇರೆ ಉಪಕರಣ ಇದೆ. 5 ಓಮ್ ಒಳಗೆ ಬಂದ್ರೆ ಚೆನ್ನಾಗಿದೆ.

ಓಮ್ ಎಷ್ಟಿದ್ರೆ ಏನು ಅನ್ನೋರಿಗೆ ಹೈಸ್ಕೂಲಿನ ಲೆಕ್ಕ ಒಂದು. ಅರ್ತ್ 50 ಓಮ್ ಇದೆ ಅಂತ ಇಟ್ಕೊಳ್ಳಿ. ಫೇಸ್ ಬಾಡಿಗೆ ತಗುಲಿತು. 230 ಅನ್ನ 50ರಿಂದ ಭಾಗಿಸಿ, 4.6 ಆಂಪಿಯರ್ ಬರುತ್ತೆ. ನಿಮ್ಮ 16 ಆಂಪಿಯರ್ ಎಂಸಿಬಿ ಇದಕ್ಕೆ ಬೀಳೋದೇ ಇಲ್ಲ. ಬಾಡಿಯಲ್ಲಿ ಕರೆಂಟು ಹಂಗೇ ನಿಂತಿರುತ್ತೆ. ಅದಕ್ಕೇ ಅರ್ತ್ ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಬೇಕು ಅನ್ನೋದು. ಅದು ಈ ಸೋರಿಕೆಯಲ್ಲಿ ತಕ್ಷಣ ಬೀಳುತ್ತೆ. ಮನೆಗೂ ಹಾಕಿಸಿ, ಕೊಟ್ಟಿಗೆಗೂ ಹಾಕಿಸಿ.

ನ್ಯೂಟ್ರಲ್ ಕಡಿದಾಗ ಈ ಡಬ್ಬಿ ಕಾಯಲ್ಲ

ನಮ್ಮ ಕಡೆ ಒಂದೇ ದಿನ ಏಳೆಂಟು ಮನೆಯ ಟಿವಿ ಫ್ರಿಜ್ಜು ಒಟ್ಟಿಗೆ ಸುಟ್ಟುಹೋದ್ರೆ ಎಲ್ಲರೂ ಸಿಡಿಲು ಅಂತಾರೆ. ಮಳೆ ಮೋಡ ಇಲ್ಲದ ದಿನವೂ ಹಿಂಗಾಗಿದ್ರೆ ಅದು ನ್ಯೂಟ್ರಲ್. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್ ನಡುವೆ 400. ಟಿಸಿ ಹತ್ರವೋ ಕಂಬದ ಮೇಲೋ ನ್ಯೂಟ್ರಲ್ ಕಡಿದ್ರೆ, ಲೋಡ್ ಜಾಸ್ತಿ ಇರೋ ಫೇಸಿನ ಮನೆಗಳಲ್ಲಿ ಡಿಮ್ ಆಗುತ್ತೆ, ಕಡಿಮೆ ಲೋಡ್ ಇರೋ ಫೇಸಿನ ಮನೆಗಳಿಗೆ 300 ದಾಟಿ 400ರ ಹತ್ರದವರೆಗೂ ಏರಬಹುದು. ಇದು ಕ್ಷಣದ ಹೊಡೆತ ಅಲ್ಲ, ಯಾರಾದ್ರೂ ಬಂದು ಸರಿ ಮಾಡೋವರೆಗೂ ಇರೋದು.

ಇಲ್ಲಿ ಸರ್ಜ್ ಪ್ರೊಟೆಕ್ಟರ್ ಕೈ ಕೊಡುತ್ತೆ. ಕೋಡಿ ಒಂದು ಗಳಿಗೆ ಹರಿಯೋಕೆ ಮಾಡಿದ್ದು, ಹೊಳೆಯನ್ನೇ ತಿರುಗಿಸಿದ್ರೆ ಕೋಡಿಯೂ ಕೊಚ್ಚಿಹೋಗುತ್ತೆ. ಒಳಗಿನ ಬಿಲ್ಲೆ ಕಾಯ್ದು ಕಾಯ್ದು ಹೊಗೆ ಬರುತ್ತೆ, ಕಳಪೆ ಡಬ್ಬಿ ಆದ್ರೆ ಹತ್ಕೊಂಡು ಉರಿಯುತ್ತೆ. ಅದಕ್ಕೇ ಡಬ್ಬಿಯನ್ನ ಪರದೆ ಹಿಂದೆ, ಹಾಸಿಗೆ ಪಕ್ಕ, ಮೇವಿನ ರಾಶಿ ಹತ್ರ ಇಡಬಾರದು. ಈ ಕಾಟಕ್ಕೆ ಬೇರೆ ಸಾಮಾನು ಇದೆ. ಓವರ್ ವೋಲ್ಟೇಜ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಕೇಳಿ. ಎಂಸಿಬಿ ಬಾಕ್ಸಲ್ಲೇ ಕೂರುತ್ತೆ, ವೋಲ್ಟೇಜ್ ಮಿತಿ ಮೀರಿದ್ರೆ ಇಡೀ ಮನೆಯ ಕರೆಂಟು ಕಟ್ ಮಾಡುತ್ತೆ, ಸರಿಯಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೊಡುತ್ತೆ. ನನ್ನ ಕೇಳಿದ್ರೆ ನಮ್ಮಂಥ ಕಡೆಗೆ ಸ್ಪೈಕ್ ಗಾರ್ಡಿಗಿಂತ ಇದೇ ಮೊದಲು ಬೇಕು.

ಇದರಲ್ಲಿ ನಮ್ಮವರ ಪಾಲೂ ಇದೆ. ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ಕಂಡೆನ್ಸರ್ ಹಾಕಿ ಟೂ ಫೇಸಲ್ಲೇ ಮೋಟ್ರು ಓಡಿಸೋದು, ನ್ಯೂಟ್ರಲ್ ಬದಲು ಅರ್ತ್‌ಗೆ ಕೊಟ್ಟು ಲೈಟು ಉರಿಸೋದು, ಇವೆಲ್ಲಾ ಲೋಡನ್ನ ಒಂದೇ ಕಡೆ ವಾಲಿಸ್ತವೆ. ವಾಲಿದಷ್ಟೂ ನ್ಯೂಟ್ರಲ್ ಕಾಯುತ್ತೆ, ಜಾಯಿಂಟ್ ಸಡಿಲ ಆಗುತ್ತೆ. ಒಬ್ಬನ ತೋಟಕ್ಕೆ ನೀರು ಹರಿಯುತ್ತೆ, ಇನ್ನೊಬ್ಬನ ಮನೆ ಫ್ರಿಜ್ಜು ಸುಡುತ್ತೆ. ಅರ್ತ್‌ಗೆ ಕೊಟ್ಟು ಉರಿಸಿದ ಲೈಟಿನ ಪಕ್ಕದ ಮಣ್ಣಲ್ಲಿ ಕರೆಂಟು ಹರೀತಾ ಇರುತ್ತೆ ಅನ್ನೋದೂ ನೆನಪಿರಲಿ.

ಟಿಸಿ ಕಡೆ ಕೂಡ ಕಣ್ಣಿರಬೇಕು. ನ್ಯೂಟ್ರಲನ್ನ ಕನಿಷ್ಠ ಎರಡು ಬೇರೆ ಬೇರೆ ಅರ್ತ್ ಗುಂಡಿಗೆ ಕೊಡಬೇಕು ಅಂತ ನಿಯಮವೇ ಇದೆ. ನಮ್ಮ ಕಡೆ ರಸ್ತೆ ಅಗೆದು, ಲೇಔಟ್ ಮಾಡಿ, ಪಟ್ಟಿ ಕಿತ್ತು ಬಿಸಾಡಿರೋದು ಉಂಟು. ಬೇಲಿ ಆಚೆಯಿಂದಲೇ ನೋಡಿ, ಪಟ್ಟಿ ಕಡಿದಿದ್ರೆ 1912ಕ್ಕೆ ಫೋನ್ ಮಾಡಿ ದೂರು ನಂಬರ್ ಬರೆದಿಟ್ಕೊಳ್ಳಿ. ಒಬ್ಬರು ಹೇಳಿದ್ರೆ ನಿಧಾನ ಆಗುತ್ತೆ, ಅದೇ ಟಿಸಿಯ ಹತ್ತು ಜನ ಸಹಿ ಹಾಕಿ ಕೊಟ್ಟರೆ ಬೇಗ ಆಗುತ್ತೆ. ಯಾವ ಕಾರಣಕ್ಕೂ ನೀವೇ ಕೈ ಹಾಕಬೇಡಿ. ಬಿದ್ದ ತಂತಿ ಹತ್ರ ಹೋಗಲೇಬೇಡಿ. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ಹೋಪ್ ಫಾರಂ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಕೈಯಲ್ಲಿದ್ದ ಹಸುಗೂಸು ಇಬ್ಬರೂ ಹೋದ್ರು. ಅದು ಬೆಂಗಳೂರಿನ ಒಳಗೇ ಆಗಿದ್ದು.

ಈಗ ಡಬ್ಬಿ ಕೊಳ್ಳೋ ವಿಷಯ

ಅರ್ತ್ ಸರಿ ಆಯ್ತು, ಆರ್‌ಸಿಸಿಬಿ ಬಂತು, ವೋಲ್ಟೇಜ್ ಕಟ್ ಮಾಡೋದು ಬಂತು. ಈಗ ಸರ್ಜ್ ಪ್ರೊಟೆಕ್ಟರ್ ತಗೊಂಡ್ರೆ ಅದಕ್ಕೆ ಬೆಲೆ. ಅಂಗಡಿಯಲ್ಲಿ ಇವನ್ನ ನೋಡಿ.

ಪೆಟ್ಟಿಗೆ ಮೇಲೆ ಸರ್ಜ್ ಅಂತ ಬರೆದು ಜೌಲ್ ಅಥವಾ ಕಿಲೋ ಆಂಪಿಯರ್ ಲೆಕ್ಕ ಕೊಟ್ಟಿದ್ದಾರಾ ನೋಡಿ. ಸ್ಪೈಕ್ ಗಾರ್ಡ್ ಅಂತ ಮಾರೋ ಎಷ್ಟೋ ಡಬ್ಬಿಗಳಲ್ಲಿ ಬರೀ ಫ್ಯೂಸೋ ಓವರ್‌ಲೋಡ್ ಗುಂಡಿಯೋ ಇರುತ್ತೆ, ಬಿಲ್ಲೆ ಇರೋದೇ ಇಲ್ಲ. ಲೆಕ್ಕ ಬರೆದಿಲ್ಲ ಅಂದ್ರೆ ಅದು ಎಕ್ಸ್‌ಟೆನ್ಶನ್ ಅಂತಲೇ ತಿಳೀರಿ.

ಜೌಲ್ ಜಾಸ್ತಿ ಇದ್ರೆ ಹೆಚ್ಚು ಹೊಡೆತ ತಾಳುತ್ತೆ, ಹೆಚ್ಚು ದಿನ ಬಾಳುತ್ತೆ. ಉಳಿಯೋ ವೋಲ್ಟೇಜ್ ಎಷ್ಟು ಅಂತಲೂ ಬರೆದಿರುತ್ತೆ, ಅದು ಕಡಿಮೆ ಇದ್ದಷ್ಟೂ ಟಿವಿಗೆ ಒಳ್ಳೇದು.

ಸರ್ಜ್ ರಕ್ಷಣೆ ಇದೆ ಅಂತ ತೋರಿಸೋ ಲೈಟ್ ಬೇಕು. ಎಂಓವಿ ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತೆ. ಸತ್ತ ಮೇಲೂ ಡಬ್ಬಿಯಲ್ಲಿ ಕರೆಂಟು ಬರ್ತಾನೇ ಇರುತ್ತೆ, ಟಿವಿ ನಡೀತಾನೇ ಇರುತ್ತೆ, ಕಾವಲು ಮಾತ್ರ ಇರಲ್ಲ. ಆ ಲೈಟ್ ಆರಿದ ದಿನವೇ ಡಬ್ಬಿ ಬದಲಾಯಿಸಿ.

ಒಳಗೆ ಬಿಸಿಯಾದ್ರೆ ಕಟ್ ಆಗೋ ಥರ್ಮಲ್ ಫ್ಯೂಸ್ ಇರಬೇಕು, ಸಾಕೆಟ್ಟಿಗೆ ಐಎಸ್‌ಐ ಮಾರ್ಕ್ ಇರಬೇಕು. ಒಂದರ ಬಾಲಕ್ಕೆ ಇನ್ನೊಂದು ಸ್ಪೈಕ್ ಗಾರ್ಡ್ ಸಿಕ್ಕಿಸಬಾರದು.

6 ಆಂಪಿಯರ್ ಡಬ್ಬಿ ಅಂದ್ರೆ 230 ಇಂಟು 6, ಒಟ್ಟು 1380 ವ್ಯಾಟ್. ನೀರು ಕಾಯಿಸೋ 1500 ವ್ಯಾಟ್ ಕಾಯಿಲ್ ಒಂದೇ ಅದಕ್ಕೆ ಜಾಸ್ತಿ. ಕಾಯಿಲ್, ಗೀಸರ್, ಮೋಟ್ರು ಯಾವತ್ತೂ ಇದಕ್ಕೆ ಹಾಕಬೇಡಿ.

ಎಲ್ಲಾ ಸಾಮಾನಿಗೂ ಎಲ್ಲಾ ಬೇಡ. ಟಿವಿ, ಲ್ಯಾಪ್‌ಟಾಪ್ ಚಾರ್ಜರ್, ವೈಫೈ ಡಬ್ಬಿಯ ಅಡಾಪ್ಟರ್ ಹಿಂದೆ ಓದಿ, 100-240 ವೋಲ್ಟ್ ಅಂತ ಇದ್ರೆ ಡಿಮ್ಮಿಗೆ ಸ್ಟೆಬಿಲೈಸರ್ ಬೇಡ, ಸರ್ಜ್ ಪ್ರೊಟೆಕ್ಟರ್ ಸಾಕು. ಹಳೇ ಫ್ರಿಜ್ಜಿನ ಕಂಪ್ರೆಸರ್ ಡಿಮ್ಮಲ್ಲಿ ಸುಡುತ್ತೆ, ಅದಕ್ಕೆ ಸ್ಟೆಬಿಲೈಸರ್ ಬೇಕು, ಕರೆಂಟು ಬಂದು ಮೂರು ನಿಮಿಷ ತಡವಾಗಿ ಶುರುವಾಗೋದು ಆಗಿರಲಿ.

ಒಟ್ಟು ಮನೆಗೆ ಮಾಡಿಸೋದಾದ್ರೆ ಬೋರ್ಡಿನಲ್ಲೇ ಕೂರೋ ಎಸ್‌ಪಿಡಿ ಇದೆ. ಟೈಪ್ 2 ಅಂತ ಕೇಳಿ. ನಮ್ಮ ಲೈನಲ್ಲಿ ಏರಿಳಿತ ಜಾಸ್ತಿ, ಅದಕ್ಕೆ 275 ವೋಲ್ಟ್ ಬರೆದಿದ್ದಕ್ಕಿಂತ 320 ಬರೆದಿದ್ದು ಬಾಳಿಕೆ ಬರುತ್ತೆ. ಎಸ್‌ಪಿಡಿಗೆ ಹೋಗೋ ವೈರು, ಅಲ್ಲಿಂದ ಅರ್ತ್ ಬಾರಿಗೆ ಹೋಗೋ ವೈರು ಎರಡೂ ಸೇರಿ ಅರ್ಧ ಮೀಟರ್ ಒಳಗಿರಬೇಕು, ಸುರುಳಿ ಸುತ್ತಬಾರದು. ವೈರು ಉದ್ದ ಆದಷ್ಟೂ ಕೆಲಸ ಕಡಿಮೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಪ್ಯಾನೆಲ್ಲಿಗೂ ಇಂಥದೇ ನಾಲ್ಕು ಪೋಲಿನದು ಸಿಗುತ್ತೆ. ಮೊಬೈಲ್ ಸ್ಟಾರ್ಟರ್, ಡ್ರಿಪ್ ಟೈಮರ್ ಹಾಕಿಸಿರೋರು ಇದನ್ನ ಯೋಚನೆ ಮಾಡಿ.

ಸಿಡಿಲು ಕರೆಂಟ್ ವೈರಲ್ಲೇ ಬರಬೇಕು ಅಂತಿಲ್ಲ

ಡಿಶ್ ಕೇಬಲ್, ಸಿಸಿ ಕ್ಯಾಮೆರಾದ ತಾಮ್ರದ ಕೇಬಲ್, ಸೋಲಾರ್ ಪ್ಯಾನೆಲ್ಲಿನ ವೈರು, ಇವೂ ದಾರಿಯೇ. ಪ್ಲಗ್ ಕಿತ್ತು ಡಿಶ್ ಕೇಬಲ್ ಬಿಟ್ಟರೆ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟಂಗೆ. ಫೈಬರ್ ಇಂಟರ್‌ನೆಟ್ಟಿನ ಗಾಜಿನ ಎಳೆಯಲ್ಲಿ ಕರೆಂಟು ಬರಲ್ಲ, ಆದ್ರೆ ಅದರ ಡಬ್ಬಿಯ ಅಡಾಪ್ಟರ್ ಕರೆಂಟಲ್ಲೇ ಇರುತ್ತೆ.

ಇನ್ನೊಂದು ಮಾತು ಖಂಡಿತವಾಗಿ ಹೇಳ್ತೀನಿ. ಮನೆಗೋ ಪಕ್ಕದ ಕಂಬಕ್ಕೋ ನೇರವಾಗಿ ಸಿಡಿಲು ಬಡಿದ್ರೆ ಬರೋದು ಹತ್ತಾರು ಸಾವಿರ ಆಂಪಿಯರ್. ಗೋಡೆಗೆ ಸಿಕ್ಕಿಸೋ ಯಾವ ಡಬ್ಬಿಯೂ ಅದನ್ನ ತಡೆಯಲ್ಲ. ಆಗ ಉಳಿಯೋದು ಮೊದಲೇ ಕಿತ್ತಿಟ್ಟ ಪ್ಲಗ್ ಮಾತ್ರ. ಕೀಳೋದೂ ಮೋಡ ಕಟ್ಟುವಾಗಲೇ ಆಗಬೇಕು, ತಲೆ ಮೇಲೆ ಮಿಂಚುವಾಗ ವೈರು ಮುಟ್ಟಬಾರದು. ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೂ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸೋದರೊಳಗೆ ಗುಡುಗು ಬಂದ್ರೆ ಹೊಲ ಬಿಟ್ಟು ಮನೆ ಸೇರಿ, ಕೊನೇ ಗುಡುಗಾಗಿ ಅರ್ಧ ಗಂಟೆ ಆಚೆ ಬರಬೇಡಿ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಎರಡೂ ಪುಕ್ಕಟೆ, ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡ್ತವೆ. ಮಕ್ಕಳ ಕೈಲಿ ಫೋನಿಗೆ ಹಾಕಿಸ್ಕೊಳ್ಳಿ.

ಬಾಡಿಗೆ ಮನೆ ಕಟ್ಟಿಸಿರೋರಿಗೆ ಒಂದು ಮಾತು

ಜಮೀನು ಕರಗಿದ ಮೇಲೆ ನಮ್ಮವರು ಬಹಳ ಜನ ನಾಲ್ಕು ರೂಮು, ಎಂಟು ರೂಮು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಗಾರ್ಮೆಂಟ್ಸ್ ಹೆಣ್ಮಕ್ಕಳು, ಕಂಪನಿ ಹುಡುಗರು ಇರ್ತಾರೆ. ಕಟ್ಟಿಸುವಾಗ ಟೈಲ್ಸಿಗೆ, ಗೇಟಿಗೆ ದುಡ್ಡು ಬಿಡ್ತೀವಿ, ಅರ್ತ್ ಅಂದ್ರೆ ಕಂಟ್ರಾಕ್ಟರ್ ಒಂದು ಮೊಳ ರಾಡು ಹೊಡೆದು ಹೋಗ್ತಾನೆ, ನಾವು ಕೇಳಲ್ಲ. ಅವರ ಲ್ಯಾಪ್‌ಟಾಪ್ ಸುಟ್ರೆ ಒಂದು ಜಗಳ. ಬಚ್ಚಲಲ್ಲಿ ಬೇರೆಯವರ ಮಗಳಿಗೆ ಶಾಕ್ ಹೊಡೆದ್ರೆ ಯಾವ ಬಾಡಿಗೆ ದುಡ್ಡಲ್ಲಿ ಅದನ್ನ ತೀರಿಸ್ತೀರಿ?

ದುಡ್ಡೆಲ್ಲಿ ಅನ್ನೋ ಪ್ರಶ್ನೆಗೂ ನನ್ನ ಹತ್ರ ಉತ್ತರ ಇದೆ. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗೆ ಮನೆ ಬಿಲ್ಲೂ ಉಳೀತು. ಕರೆಂಟು ಸರ್ಕಾರ ಕೊಡುತ್ತೆ, ಅರ್ತ್ ಗುಂಡಿ ಕೊಡಲ್ಲ. ಉಳಿದ ಬಿಲ್ಲಿನಲ್ಲಿ ಕೆಲವು ತಿಂಗಳದ್ದು ಎತ್ತಿಟ್ಟರೆ ಈ ಕೆಲಸ ಆಗುತ್ತೆ. ಒಂದೇ ಸಲ ಆಗಲ್ಲ ಅಂದ್ರೆ ಹೀಗೆ ಸಾಲಾಗಿ ಮಾಡ್ಕೊಳ್ಳಿ: ಮೊದಲು ಅರ್ತ್ ಗುಂಡಿ, ಎರಡನೇದು ಆರ್‌ಸಿಸಿಬಿ, ಮೂರನೇದು ವೋಲ್ಟೇಜ್ ಪ್ರೊಟೆಕ್ಟರ್, ನಾಲ್ಕನೇದು ಬೋರ್ಡಿನ ಎಸ್‌ಪಿಡಿ, ಕೊನೇಲಿ ಟಿವಿ ಹತ್ರದ ಡಬ್ಬಿ. ಅಂಗಡಿಯವರು ಕೊನೇದನ್ನ ಮೊದಲು ಮಾರ್ತಾರೆ, ಯಾಕಂದ್ರೆ ಗುಂಡಿಯನ್ನ ಶೋಕೇಸಲ್ಲಿ ಇಡೋಕಾಗಲ್ಲ.

ಒಂದೇ ಟಿಸಿ ಕೆಳಗಿರೋರು ನಾಲ್ಕೈದು ಮನೆಯವರು ಸೇರಿ ಒಬ್ಬ ವೈರ್‌ಮನ್‌ನ ಒಂದು ದಿನಕ್ಕೆ ಕರೆಸಿ, ಎಲ್ಲರ ಗುಂಡಿಯನ್ನೂ ಮೆಗ್ಗರ್ ಹಾಕಿಸಿ ಅಳೆಸಿ. ಖರ್ಚು ಹಂಚಿದ್ರೆ ಭಾರ ಆಗಲ್ಲ. ಅಳೆಸಿದವರು ಎಷ್ಟು ಓಮ್ ಬಂತು ಅಂತ ಕೆಳಗೆ ಬರೀರಿ, ಬೇರೆಯವರಿಗೂ ಅನುಕೂಲ ಆಗುತ್ತೆ. ಭರಣಿ ಮಳೆಗೆ ಮುಂಚೆ ಆದ್ರೆ ಇನ್ನೂ ಒಳ್ಳೇದು.